ಅಪ್ಪನ ಹೊಟ್ಟೆ ಉರಿ: ಖಾರ ಬಿಟ್ಟರೂ ಕಡಿಮೆ ಆಗಿಲ್ಲ, ದುರ್ಬೀನ್ ಹಾಕಿಸಲೇಬೇಕಾ?

ಶಹಾಬಾದ್_ಹುಡುಗ (ಶನಿವಾರ ಸಂಜೆ 7:10)
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 58 ವರ್ಷ. ಇಪ್ಪತ್ತೈದು ವರ್ಷ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಈಗ ಊರಲ್ಲೇ ಎರಡು ಎಕರೆ ತೊಗರಿ ನೋಡಿಕೊಂಡು ಇದ್ದಾರೆ. ನಾನು ಕಲಬುರಗಿಯಲ್ಲಿ ಕೆಲಸ ಮಾಡುತ್ತೇನೆ.

ಆರು ತಿಂಗಳಿಂದ ಅಪ್ಪನಿಗೆ ಎದೆಗೂಡಿನ ಕೆಳಗೆ, ಹೊಟ್ಟೆಯ ನಡುವೆ ಉರಿ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಕತ್ತಲಲ್ಲೇ ಬುಟ್ಟಿಗೆ ಕೈ ಹಾಕಿ, ತಣ್ಣನೆ ಜೋಳದ ರೊಟ್ಟಿ ಮುರಿದು, ಹಾಲಲ್ಲಿ ಅದ್ದಿ ತಿನ್ನುತ್ತಾರೆ. ಆಮೇಲೆ ಉರಿ ಇಳಿದು ನಿದ್ದೆ ಹತ್ತುತ್ತದೆ. ಅವ್ವ ಎರಡು ತಿಂಗಳಿಂದ ಕೆಂಪು ಖಾರ, ಶೇಂಗಾ ಹಿಂಡಿ ಎಲ್ಲ ಬಂದ್ ಮಾಡಿದ್ದಾಳೆ. ಬರೀ ಸಪ್ಪನೆ ಬೇಳೆ ಅನ್ನ. ಆದರೂ ಗುಣ ಇಲ್ಲ. ಮೆಡಿಕಲ್‌ನಿಂದ ಗ್ಯಾಸಿನ ಗುಳಿಗೆ ತಂದರೆ ನಾಲ್ಕು ದಿನ ಆರಾಮ, ಬಿಟ್ಟರೆ ಮತ್ತೆ ಅದೇ.

ಡಾಕ್ಟರು "ಹುಣ್ಣು ಇರಬಹುದು, ದುರ್ಬೀನ್ ಹಾಕಿ ನೋಡಬೇಕು" ಅಂದಿದ್ದಾರೆ. ಬಾಯಿಂದ ಪೈಪ್ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಅದು. ಅಪ್ಪ ಹೆದರಿ ಒಲ್ಲೆ ಅನ್ನುತ್ತಿದ್ದಾರೆ. ಕಾಕಾ ಬೇರೆ "ಪೈಪ್ ಹಾಕಿದರೆ ಕ್ಯಾನ್ಸರ್ ಅಂತಾನೇ ಹೇಳುತ್ತಾರೆ" ಅಂತ ಹೆದರಿಸಿದ್ದಾರೆ. ನಿಜಕ್ಕೂ ಬೇಕಾ ಅದು?

ಯಾದಗಿರಿ_ಗಾಡಿ
ನನಗೆ ಹೋದ ವರ್ಷ ಹಾಕಿದ್ದರು. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆಯುತ್ತಾರೆ. ಐದಾರು ನಿಮಿಷದ ಕೆಲಸ. ಓಕರಿಕೆ ಬಂದ ಹಾಗೆ ಆಗುತ್ತದೆ, ನೋವು ಇಲ್ಲ. ಸಂಜೆಗೆ ರೊಟ್ಟಿ ಉಂಡೆ.

ಮನೆಮದ್ದು_ಅಫಜಲಪುರ
ಪೈಪ್ ಗೀಪ್ ಬೇಡ. ಬೂದುಗುಂಬಳದ ರಸ ಮುಂಜಾನೆ ಖಾಲಿ ಹೊಟ್ಟೆಗೆ ಕೊಡಿ, ಮಧ್ಯಾಹ್ನ ಮಜ್ಜಿಗೆ. ನಮ್ಮ ಅತ್ತಿಗೆ ಒಂದು ತಿಂಗಳಲ್ಲಿ ಗುಣ ಆಯ್ತು. ಇದೆಲ್ಲ ಪಿತ್ತ.

ಆಳಂದ_ತೊಗರಿ
ಖಾರ ಪೂರ್ತಿ ಬಿಟ್ಟಿದ್ದಾರಾ ಅಂತ ಮೊದಲು ನೋಡಿ ತಮ್ಮಾ. ನಮ್ಮ ಮಂದಿ ಮನೆಯಲ್ಲಿ ಬಿಟ್ಟು, ಸಂತೆಯಲ್ಲಿ ಮಿರ್ಚಿ ತಿಂದು ಬರುತ್ತಾರೆ.

ಸಿಸ್ಟರ್_ಕಲಬುರಗಿ
ನಾನು ಹದಿನಾರು ವರ್ಷದಿಂದ ನರ್ಸ್, ಅದರಲ್ಲಿ ಒಂಬತ್ತು ವರ್ಷ ಎಂಡೋಸ್ಕೋಪಿ ರೂಮಿನಲ್ಲಿ. ಖಾರದ ಮಾತು ಆಮೇಲೆ ಆಡೋಣ. ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು.

ಒಂದು, ಅಪ್ಪ ಟೊಂಕ ನೋವು, ಮೊಣಕಾಲು ನೋವಿಗೆ ಗುಳಿಗೆ ತಗೊಳ್ಳುತ್ತಾರಾ? ಯಾವುದು, ಎಷ್ಟು ದಿನದಿಂದ? ಖಣಿಯಲ್ಲಿ ದುಡಿದವರು ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ.
ಎರಡು, ಸಂಡಾಸದ ಬಣ್ಣ ಏನಿದೆ? ಸಂಕೋಚ ಬಿಟ್ಟು ಈಗಲೇ ಫೋನ್ ಮಾಡಿ ಕೇಳಿ.

ಶಹಾಬಾದ್_ಹುಡುಗ
ನೋವಿನ ಗುಳಿಗೆ ಹೌದು ಸಿಸ್ಟರ್. ಡೈಕ್ಲೋಫೆನಾಕ್ ಅಂತ ಪಟ್ಟಿ ಮೇಲೆ ಇದೆ. ಮೂರು ವರ್ಷದಿಂದ ದಿನಾ ಎರಡು. ರಾಶಿ ಕಾಲದಲ್ಲಿ ಮೂರು. ಇದಕ್ಕೂ ಹೊಟ್ಟೆಗೂ ಸಂಬಂಧ ಇದೆಯಾ? ಬಣ್ಣದ್ದು ಕೇಳಿ ಹೇಳುತ್ತೇನೆ.

ಮೆಡಿಕಲ್_ಕಾಕಾ
ಸಂಬಂಧ ಇದೆ ತಮ್ಮಾ, ಇದೇ ಮೂಲ ಇರಬಹುದು. ಸೇಡಂ ಕಡೆ ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು.

ನಮ್ಮ ಹೊಟ್ಟೆಯಲ್ಲಿ ಇರುವ ಹುಳಿ ಬಹಳ ಗಟ್ಟಿ. ಅದು ಹೊಟ್ಟೆಯನ್ನೇ ಸುಡಬಾರದು ಅಂತ ಒಳಗೋಡೆಗೆ ಲೋಳೆಯ ಪದರ ಇರುತ್ತದೆ. ಆ ಲೋಳೆ ಹುಟ್ಟೋದಕ್ಕೆ, ಅಲ್ಲಿಗೆ ರಕ್ತ ಹರಿಯೋದಕ್ಕೆ ಪ್ರೋಸ್ಟಗ್ಲಾಂಡಿನ್ ಅನ್ನೋ ಪದಾರ್ಥ ಬೇಕು. ನೋವು, ಬಾವು ತರುವುದರಲ್ಲೂ ಇದೇ ಪದಾರ್ಥದ ಕೈವಾಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಪಿರಾಕ್ಸಿಕಾಮ್, ಆಸ್ಪಿರಿನ್ ಇವೆಲ್ಲ ಅದನ್ನು ತಡೆಯುತ್ತವೆ. ಟೊಂಕದ ನೋವು ಇಳಿಯಿತು, ಜೊತೆಗೆ ಹೊಟ್ಟೆಯ ಕಾವಲೂ ಹೋಯಿತು. "ಗುಳಿಗೆ ಬೇಡ, ಸೂಜಿ ಮಾಡಿಸಿಕೊಳ್ಳುತ್ತೇನೆ, ಹೊಟ್ಟೆಗೆ ಹೋಗಲ್ಲ" ಅನ್ನುವವರು ಬಹಳ. ಸೂಜಿಯಿಂದಲೂ ಹುಣ್ಣಾಗುತ್ತದೆ. ಔಷಧಿ ರಕ್ತದ ಮೂಲಕ ಅದೇ ಕೆಲಸ ಮಾಡುತ್ತದೆ.

ಚೀಟಿ ಇಲ್ಲದೆ ಕೊಡಬಾರದ ಗುಳಿಗೆ ಅದು. ನಾನೂ ಕೊಟ್ಟಿದ್ದೇನೆ. ಕೂಲಿ ಮಂದಿ ಮುಂಜಾನೆ ಗಾಡಿ ಹತ್ತುವ ಮುಂಚೆ ಬಂದು "ಕಾಕಾ, ಎರಡು ಟೊಂಕದ ಗುಳಿಗೆ" ಅನ್ನುತ್ತಿದ್ದರು. ಕೊಡುತ್ತಿದ್ದೆ. ಆ ಮುಖಗಳು ಈಗಲೂ ನೆನಪಾಗುತ್ತವೆ.

ಜೇವರ್ಗಿ_ರೋಡ್
ಕಾಕಾ, ಬಿಳಿ ಕಾಗದದಲ್ಲಿ ಸುತ್ತಿ ಮೂರ್ನಾಲ್ಕು ಬಣ್ಣದ ಗುಳಿಗೆ ಕೊಡುತ್ತಾರಲ್ಲ, ಹೆಸರೇ ಇರಲ್ಲ, ಅದು?

ಮೆಡಿಕಲ್_ಕಾಕಾ
ಅದರಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಇರುತ್ತದೆ. ನೋವಿನ ಗುಳಿಗೆ ಮತ್ತು ಸ್ಟೆರಾಯ್ಡ್ ಒಟ್ಟಿಗೆ ಸೇರಿದರೆ ಹುಣ್ಣಿನ ಅಪಾಯ ಬಹಳ ಜಾಸ್ತಿ. ಹೆಸರಿಲ್ಲದ ಗುಳಿಗೆ ಯಾರೇ ಕೊಟ್ಟರೂ ನುಂಗಬೇಡಿ.

ಶಹಾಬಾದ್_ಹುಡುಗ (ರಾತ್ರಿ 8:35)
ಸಿಸ್ಟರ್, ಫೋನ್ ಮಾಡಿದೆ. ಅಪ್ಪ ಮೊದಲು "ಅದೆಲ್ಲ ಯಾಕ ಕೇಳ್ತಿ" ಅಂದರು. ಬಿಡಲಿಲ್ಲ. "ನಾಕ ದಿನ ಆಯ್ತು, ಕರ್ರಗ ಡಾಂಬರಿನಂಗ ಅದ. ನೀರ್ ಹಾಕಿದ್ರೂ ಲಗೂ ಹೋಗಂಗಿಲ್ಲ. ಉಷ್ಣ ಆಗಿರ್ಬೇಕು" ಅಂದರು. ಅವ್ವನಿಗೂ ಹೇಳಿಲ್ಲ. ನಿನ್ನೆ ಹೊಲದ ಬದುವಿನಲ್ಲಿ ಕಣ್ಣು ಕತ್ತಲು ಬಂದು ಕೂತುಬಿಟ್ಟಿದ್ದರಂತೆ.

ಸಿಸ್ಟರ್_ಕಲಬುರಗಿ
ತಮ್ಮಾ, ಅದು ರಕ್ತ. ಹುಣ್ಣಿನಿಂದ ಒಳಗೇ ರಕ್ತ ಹೋಗಿ, ಹೊಟ್ಟೆಯ ಹುಳಿಗೆ ಸಿಕ್ಕಿ, ಕರುಳು ದಾಟಿ ಬರುವಷ್ಟರಲ್ಲಿ ಕಪ್ಪಗೆ ಜಿಗುಟಾಗಿರುತ್ತದೆ, ನಾತವೂ ಬೇರೆ ಥರ ಇರುತ್ತದೆ. ಕಣ್ಣು ಕತ್ತಲು ಬಂದಿದೆ ಅಂದರೆ ರಕ್ತ ಸಾಕಷ್ಟು ಹೋಗಿದೆ.

ನಾಳೆ ಮುಂಜಾನೆ ತನಕ ಕಾಯಬೇಡಿ. ಈಗಲೇ 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಕರೆತನ್ನಿ. ರಕ್ತ ಏರಿಸುವ ವ್ಯವಸ್ಥೆ, ಎಂಡೋಸ್ಕೋಪಿ ಎರಡೂ ಇರುವ ಕಡೆ. ನೋವಿನ ಗುಳಿಗೆ ಇನ್ನು ಒಂದೂ ಬೇಡ. ಊಟ ಕೊಡಬೇಡಿ. ಆ ಗುಳಿಗೆ ಪಟ್ಟಿ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಅವರನ್ನು ಬೈಕ್ ಮೇಲೆ ಮಾತ್ರ ಕೂರಿಸಬೇಡಿ.

ಶಹಾಬಾದ್_ಹುಡುಗ
ಹೊರಟೆ.

ಮನೆಮದ್ದು_ಅಫಜಲಪುರ
ಕಬ್ಬಿಣದ ಗುಳಿಗೆ ತಿಂದರೂ ಕಪ್ಪಗೆ ಆಗುತ್ತದೆ. ಸುಮ್ನೆ ಹುಡುಗನಿಗೆ ಯಾಕೆ ಗಾಬರಿ ಮಾಡುತ್ತೀರಿ?

ಸಿಸ್ಟರ್_ಕಲಬುರಗಿ
ಆಗುತ್ತದೆ, ಒಪ್ಪುತ್ತೇನೆ. ಆದರೆ ಅದು ಕಪ್ಪು ಇರುತ್ತದೆ, ಡಾಂಬರಿನ ಹಾಗೆ ಅಂಟಲ್ಲ, ನಾತ ಬೇರೆ ಇರಲ್ಲ. ಇವರಿಗೆ ಕಬ್ಬಿಣದ ಗುಳಿಗೆ ಕೊಟ್ಟ ಮಾತೇ ಇಲ್ಲ. ಮೂರು ವರ್ಷ ಡೈಕ್ಲೋಫೆನಾಕ್, ಆರು ತಿಂಗಳ ಉರಿ, ಕಣ್ಣು ಕತ್ತಲು. ಇಷ್ಟು ಇರುವಾಗ ಕಾಯೋದು ತಪ್ಪು. ಬೂದುಗುಂಬಳದ ರಸ ಕುಡಿಯಿರಿ, ನನ್ನ ತಕರಾರಿಲ್ಲ. ಅದು ರಕ್ತ ನಿಲ್ಲಿಸಲ್ಲ.

ಬೀದರ್_ಅಕ್ಕ
ಎಲ್ಲರೂ ಗೊತ್ತಿರಬೇಕಾದ್ದು ಸಿಸ್ಟರ್. ಇನ್ನೂ ಯಾವ ಗುರುತು ಕಂಡರೆ ಓಡಬೇಕು?

ಸಿಸ್ಟರ್_ಕಲಬುರಗಿ
ವಾಂತಿಯಲ್ಲಿ ರಕ್ತ, ಇಲ್ಲಾ ಕಾಫಿ ಪುಡಿ ಕದಡಿದ ಹಾಗೆ ಕಂದು ವಾಂತಿ. ಚೂರಿ ಹಾಕಿದ ಹಾಗೆ ಒಮ್ಮೆಲೇ ಹೊಟ್ಟೆ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿಯಾದರೆ ಹುಣ್ಣು ತೂತಾಗಿದೆ ಅಂತ, ಅದಕ್ಕೆ ಅವತ್ತೇ ಆಪರೇಷನ್ ಬೇಕಾಗುತ್ತದೆ. ಇವು ಆ ಗಳಿಗೆಯಲ್ಲೇ ಓಡಬೇಕಾದವು. ತೂಕ ಇಳಿಯೋದು, ನುಂಗಲು ಕಷ್ಟ, ರಕ್ತ ಕಡಿಮೆ ಅಂತ ರಿಪೋರ್ಟ್ ಬರೋದು, ಇವಕ್ಕೆ ಆ ವಾರದೊಳಗೆ ಡಾಕ್ಟರ್ ಹತ್ತಿರ ಹೋಗಿ.

ಜೇವರ್ಗಿ_ರೋಡ್
ಇನ್ನೊಂದು ಸೇರಿಸುತ್ತೇನೆ. ನಮ್ಮ ಮಾವನಿಗೆ ಎದೆ ಉರಿ, ಬೆವರು ಬಂತು. ಗ್ಯಾಸ್ ಅಂತ ಸೋಡಾ ಕುಡಿದು ಮಲಗಿದರು. ಅದು ಹಾರ್ಟ್ ಅಟ್ಯಾಕ್. ಉಳಿದರು, ಆದರೆ ಆರು ತಾಸು ತಡ ಆಗಿತ್ತು. ಉರಿ ಜೊತೆ ಬೆವರು, ಎಡಗೈ ಇಲ್ಲಾ ದವಡೆ ಸೆಳೆತ, ಉಸಿರು ಕಟ್ಟೋದು ಇದ್ದರೆ ಮೊದಲು ಇಸಿಜಿ ಮಾಡಿಸಿ.

ಯಾದಗಿರಿ_ಗಾಡಿ
ನನಗೆ ನೋವಿನ ಗುಳಿಗೆ ಅಭ್ಯಾಸವೇ ಇಲ್ಲ, ವಯಸ್ಸು 31. ಆದರೂ ಹುಣ್ಣಾಗಿತ್ತು. ಕ್ರಿಮಿ ಅಂತ ಹೇಳಿದರು. ಎರಡು ವಾರ ಗುಳಿಗೆ ಕೊಟ್ಟರು, ಹೋಯ್ತು.

ಚಿಂಚೋಳಿ_ಮೇಷ್ಟ್ರು
ಹೆಲಿಕೋಬ್ಯಾಕ್ಟರ್ ಪೈಲೋರಿ. ಇದರ ಕಥೆ ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಹೇಳುತ್ತೇನೆ.

ಮೊದಲು ಇಡೀ ಜಗತ್ತಿನ ಡಾಕ್ಟರು ಹುಣ್ಣಿಗೆ ಚಿಂತೆ, ಖಾರ, ಹುಳಿಯೇ ಕಾರಣ ಅಂತ ನಂಬಿದ್ದರು. ಇಂಥ ಹುಳಿಯಲ್ಲಿ ಕ್ರಿಮಿ ಬದುಕೋದು ಸಾಧ್ಯವೇ ಇಲ್ಲ ಅಂತ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಹೊಟ್ಟೆಯ ಚೂರುಗಳಲ್ಲಿ ಸುರುಳಿ ಆಕಾರದ ಕ್ರಿಮಿ ಕಂಡರು. ಆದರೆ ಲ್ಯಾಬಿನಲ್ಲಿ ಅದು ಬೆಳೆಯಲಿಲ್ಲ. ಎರಡು ದಿನ ನೋಡಿ ತಟ್ಟೆ ಬಿಸಾಡುತ್ತಿದ್ದರು. 1982ರಲ್ಲಿ ಈಸ್ಟರ್ ರಜೆ ಬಂತು, ತಟ್ಟೆಗಳು ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಕ್ರಿಮಿ ಬೆಳೆದಿತ್ತು. ಅದಕ್ಕೆ ಬೇಕಿದ್ದದ್ದು ಇನ್ನೂ ಎರಡು ಮೂರು ದಿನ, ಅಷ್ಟೇ. ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಕ್ರಿಮಿ ಕಲಸಿದ ದ್ರವವನ್ನೇ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ವಾಂತಿ, ಬಾಯಿ ವಾಸನೆ, ಹೊಟ್ಟೆಯಲ್ಲಿ ಹುಣ್ಣು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸಿಸ್ಟರ್_ಕಲಬುರಗಿ
ಸರ್, ಒಂದು ತಿದ್ದುಪಡಿ. ಮಾರ್ಷಲ್‌ಗೆ ಹುಣ್ಣಾಗಲಿಲ್ಲ. ಹೊಟ್ಟೆಯ ಒಳಗೋಡೆಗೆ ಉರಿಯೂತ ಆಯ್ತು, ಅದನ್ನು ಎಂಡೋಸ್ಕೋಪಿಯಲ್ಲಿ ನೋಡಿದರು. ಹುಣ್ಣು ಅದರ ಮುಂದಿನ ಮೆಟ್ಟಿಲು.

ಚಿಂಚೋಳಿ_ಮೇಷ್ಟ್ರು
ಸರಿ ಸಿಸ್ಟರ್, ತಿದ್ದಿಕೊಂಡೆ. ಮಕ್ಕಳಿಗೂ ತಿದ್ದಿ ಹೇಳುತ್ತೇನೆ.

ಆಳಂದ_ತೊಗರಿ
ಹಂಗಾದರೆ ಖಾರದಿಂದ ಏನೂ ಆಗಲ್ಲವಾ? ಹಿರಿಯರು ಹೇಳಿದ್ದೆಲ್ಲ ಸುಳ್ಳಾ?

ಚಿಂಚೋಳಿ_ಮೇಷ್ಟ್ರು
ಖಾರ ಹುಣ್ಣು ಹುಟ್ಟಿಸಲ್ಲ. ಇದ್ದ ಹುಣ್ಣಿಗೆ ಖಾರ ತಾಗಿದರೆ ಕೆಲವರಿಗೆ ಉರಿಯುತ್ತದೆ. ಗಾಯಕ್ಕೆ ಉಪ್ಪು ಬಿದ್ದರೆ ಉರಿಯುತ್ತದೆ, ಹಾಗಂತ ಗಾಯ ಮಾಡಿದ್ದು ಉಪ್ಪಲ್ಲ ಅಲ್ವಾ? ನಮ್ಮ ಕಡೆ ಹಿಂಡಿ ಇಲ್ಲದ ಮನೆ ಎಲ್ಲಿದೆ ಹೇಳಿ. ಖಾರವೇ ಕಾರಣ ಆಗಿದ್ದರೆ ಊರಿಗೆ ಊರೇ ಆಸ್ಪತ್ರೆಯಲ್ಲಿ ಇರಬೇಕಿತ್ತು.

ಆಳಂದ_ತೊಗರಿ
ಮೇಷ್ಟ್ರೇ, ನಮ್ಮಪ್ಪನಿಗೆ 1980ರ ಆಸುಪಾಸಿನಲ್ಲಿ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿದ್ದೆವು. ಹೊಟ್ಟೆ ಕೊಯ್ದು ಹುಳಿ ಹುಟ್ಟಿಸುವ ನರ ಕತ್ತರಿಸಿ, ಕರುಳಿಗೆ ಬೇರೆ ದಾರಿ ಮಾಡಿದ್ದರು. ಎರಡು ಎತ್ತು ಮಾರಿದ್ದೆವು. ಆಮೇಲೆ ಸಾಯುವ ತನಕ ಅವರು ಒಂದು ರೊಟ್ಟಿ ಪೂರ್ತಿ ಉಣ್ಣಲಿಲ್ಲ. ಎರಡು ವಾರದ ಗುಳಿಗೆಯಲ್ಲಿ ಹೋಗುವ ಕ್ರಿಮಿ ಅದು ಅಂದರೆ ನನಗೆ ಹೇಗೆ ಅನ್ನಿಸಬೇಕು ಹೇಳಿ.

ಮೆಡಿಕಲ್_ಕಾಕಾ
ಆಗ ಎಲ್ಲ ಕಡೆ ಅದೇ ಮಾಡುತ್ತಿದ್ದರು ಅಣ್ಣಾ. ಡಾಕ್ಟರ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಗೊತ್ತೇ ಇರಲಿಲ್ಲ.

ಬೀದರ್_ಅಕ್ಕ
ಕ್ರಿಮಿ ನೀರಿನಿಂದ ಬರುತ್ತದಾ? ನಮ್ಮ ಓಣಿಯಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ನೀರೇ ಗತಿ.

ಜೇವರ್ಗಿ_ರೋಡ್
ಬೀದರ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ ಅಕ್ಕಾ, ಕರೇಜ್. ನೌಬಾದ್‌ನಲ್ಲಿ ನಾನು ನೋಡಿದ್ದೇನೆ. ಆ ಕಾಲದಲ್ಲೇ ನೆಲದೊಳಗೆ ನೀರು ಹರಿಸಿದ್ದಾರೆ!

ಬೀದರ್_ಅಕ್ಕ
ಇದೆ ಅಣ್ಣಾ. ಊರಿಗೆ ಅತಿಥಿ ಬಂದರೆ ತೋರಿಸುತ್ತೇವೆ. ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಸಿಸ್ಟರ್, ಹೇಳಿ.

ಸಿಸ್ಟರ್_ಕಲಬುರಗಿ
ಹೆಚ್ಚಾಗಿ ಸಣ್ಣ ವಯಸ್ಸಿನಲ್ಲೇ ಸೇರಿಕೊಳ್ಳುತ್ತದೆ. ಮನೆಯವರ ಎಂಜಲಿನಿಂದ, ಹೊಲಸು ಸೇರಿದ ನೀರು, ಆಹಾರದಿಂದ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿ ಈ ಕ್ರಿಮಿ ಇದೆ. ಬಹುಪಾಲು ಮಂದಿಗೆ ಯಾವ ತೊಂದರೆಯೂ ಆಗಲ್ಲ. ಸ್ವಲ್ಪ ಜನರಿಗೆ ಹುಣ್ಣು, ಅದಕ್ಕಿಂತ ಕಡಿಮೆ ಜನರಿಗೆ ವರ್ಷಗಳ ಮೇಲೆ ಹೊಟ್ಟೆಯ ಕ್ಯಾನ್ಸರ್. ಕ್ರಿಮಿಯೂ ಇದ್ದು ನೋವಿನ ಗುಳಿಗೆಯೂ ನುಂಗಿದರೆ ಹುಣ್ಣಿನ ಅಪಾಯ ಕೂಡುತ್ತಾ ಹೋಗುತ್ತದೆ.

ಶಹಾಬಾದ್_ಹುಡುಗ (ಭಾನುವಾರ ರಾತ್ರಿ 10:20)
ಈಗ ಸ್ವಲ್ಪ ಕೂತೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಅಡ್ಮಿಟ್ ಮಾಡಿದೆವು. ಹಿಮೋಗ್ಲೋಬಿನ್ 6.8 ಇತ್ತು. ಎರಡು ಬಾಟಲಿ ರಕ್ತ ಏರಿಸಿದರು. ಒಂದು ಬಾಟಲಿಗೆ ನಾನೇ ಕೊಟ್ಟೆ. ಹುಳಿ ತಗ್ಗಿಸುವ ಔಷಧಿ ಸಲೈನ್‌ನಲ್ಲಿ ಹಾಕಿದರು.

ಇವತ್ತು ಮುಂಜಾನೆ ದುರ್ಬೀನ್ ಹಾಕಿದರು. ಅಪ್ಪ ನನ್ನ ಕೈ ಹಿಡಿದು ಬಿಡಲಿಲ್ಲ. ಟಿವಿ ಪರದೆಯ ಮೇಲೆ ನಾನೂ ನೋಡಿದೆ. ಹೊಟ್ಟೆ ದಾಟಿ ಸಣ್ಣ ಕರುಳು ಶುರುವಾಗುವ ಕಡೆ ಹುಣ್ಣು. ಗುಲಾಬಿ ಗೋಡೆಯಲ್ಲಿ ಬಿಳಿ ತಳದ ಗುಂಡಿ, ನಡುವೆ ಕಪ್ಪು ಚುಕ್ಕೆ. ಅದು ರಕ್ತನಾಳದ ಬಾಯಿಯಂತೆ. ಡಾಕ್ಟರು ಅಲ್ಲಿಗೇ ಸೂಜಿ ಕೊಟ್ಟು ಸಣ್ಣ ಕ್ಲಿಪ್ ಕಚ್ಚಿಸಿದರು. ಕೊಯ್ಯಲಿಲ್ಲ, ಹೊಲಿಗೆ ಇಲ್ಲ. ಆಮೇಲೆ ಹೊಟ್ಟೆಯ ಒಳಗಿಂದ ಅಕ್ಕಿ ಕಾಳಿಗಿಂತ ಸಣ್ಣ ಚೂರು ತೆಗೆದು ಹಳದಿ ಪದಾರ್ಥದಲ್ಲಿ ಇಟ್ಟರು. ನೋಡ್ತಾ ನೋಡ್ತಾ ಗುಲಾಬಿ ಆಯ್ತು. ಕ್ರಿಮಿ ಇದೆ ಅಂದರು.

ನಾನು ಇಲ್ಲಿ ಬರೆಯದೆ ಇದ್ದಿದ್ದರೆ, ಸಿಸ್ಟರ್ ಆ ಪ್ರಶ್ನೆ ಕೇಳದೆ ಇದ್ದಿದ್ದರೆ... ಬೇಡ, ಯೋಚನೆ ಮಾಡಲು ಆಗುತ್ತಿಲ್ಲ.

ಯಾದಗಿರಿ_ಗಾಡಿ
ಅಪ್ಪ ಉಳಿದರಲ್ಲ ಅಣ್ಣಾ, ದೊಡ್ಡದು.

ಮನೆಮದ್ದು_ಅಫಜಲಪುರ
ತಮ್ಮಾ, ನಾನು ಪೈಪ್ ಬೇಡ ಅಂದಿದ್ದು ತಪ್ಪಾಯ್ತು. ಕಪ್ಪು ಬಣ್ಣದ ವಿಷಯ ನನಗೆ ತಿಳಿದಿರಲಿಲ್ಲ. ಅಪ್ಪ ಬೇಗ ಆರಾಮಾಗಲಿ.

ಸಿಸ್ಟರ್_ಕಲಬುರಗಿ
ಬಹಳ ಸಮಾಧಾನ ಆಯ್ತು ತಮ್ಮಾ. ರಕ್ತ ಹೋಗುತ್ತಿರುವಾಗ ಆ ಪರೀಕ್ಷೆ ಕೆಲವೊಮ್ಮೆ ಕ್ರಿಮಿ ಇದ್ದರೂ ಇಲ್ಲ ಅಂತ ತೋರಿಸುತ್ತದೆ. ನಿಮ್ಮದರಲ್ಲಿ ಇದೆ ಅಂತ ಬಂದಿದೆ, ಅನುಮಾನ ಉಳಿಯಲಿಲ್ಲ. ಸಣ್ಣ ಕರುಳಿನ ಶುರುವಿನ ಹುಣ್ಣು ಕ್ಯಾನ್ಸರ್ ಆಗಿರೋದು ಬಹಳ ಅಪರೂಪ, ಹೆದರಿಸಿದ ನಿಮ್ಮ ಕಾಕಾಗೆ ಹೇಳಿ. ಹೊಟ್ಟೆಯೊಳಗಿನ ಹುಣ್ಣಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೆಲವು ವಾರದ ಮೇಲೆ ವಾಸಿಯಾಗಿದೆಯಾ ಅಂತ ಮತ್ತೆ ನೋಡುತ್ತಾರೆ.

ರಾತ್ರಿ ಎದ್ದು ರೊಟ್ಟಿ ತಿಂದರೆ ಉರಿ ಇಳಿಯುತ್ತದೆ ಅಂದಿರಲ್ಲ, ಅದೂ ಈ ಜಾಗದ ಹುಣ್ಣಿನ ಗುರುತೇ. ಹಾಲು ಆ ಹೊತ್ತಿಗೆ ತಂಪು, ಆಮೇಲೆ ಹೊಟ್ಟೆ ಇನ್ನೂ ಜಾಸ್ತಿ ಹುಳಿ ಬಿಡುತ್ತದೆ. ಹಾಲು ಔಷಧಿ ಅಲ್ಲ.

ಬೀದರ್_ಅಕ್ಕ
ತಮ್ಮಾ, ನನ್ನ ತಪ್ಪು ನೀವು ಮಾಡಬೇಡಿ. ನನಗೂ ಈ ಕ್ರಿಮಿಗೆ 14 ದಿನದ ಕೋರ್ಸ್ ಕೊಟ್ಟಿದ್ದರು. ಹುಳಿ ತಗ್ಗಿಸುವ ಗುಳಿಗೆ ಜೊತೆಗೆ ಎರಡು ಆಂಟಿಬಯೋಟಿಕ್. ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದ ರುಚಿ, ಓಕರಿಕೆ, ಭೇದಿ. ಆರನೇ ದಿನಕ್ಕೆ ಉರಿ ಪೂರ್ತಿ ಹೋಯ್ತು, ನಾನೂ ಬಿಟ್ಟುಬಿಟ್ಟೆ. ನಾಲ್ಕು ತಿಂಗಳಿಗೆ ಮತ್ತೆ ಶುರು. ಎರಡನೇ ಸಲ ಆ ಔಷಧಿ ಹತ್ತಲಿಲ್ಲ. ಬಿಸ್ಮತ್ ಸೇರಿಸಿ ನಾಲ್ಕು ಥರದ ಗುಳಿಗೆ ಕೊಟ್ಟರು, ದಿನಕ್ಕೆ ನಾಲ್ಕು ಹೊತ್ತು. ಮೊಬೈಲಿನಲ್ಲಿ ಅಲಾರಾಂ ಇಟ್ಟು ನುಂಗಿದೆ. ಈಗ ಎರಡು ವರ್ಷ ಆಯ್ತು, ಇಲ್ಲ.

ಮೆಡಿಕಲ್_ಕಾಕಾ
ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಔಷಧಿಗೆ ಒಗ್ಗಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಎರಡೂ ಎಷ್ಟೋ ಜನರಿಗೆ ಈಗಾಗಲೇ ಹತ್ತುತ್ತಿಲ್ಲ. ಪ್ಯಾಂಟೊಪ್ರಜೋಲ್ ಥರದ ಹುಳಿ ತಗ್ಗಿಸುವ ಗುಳಿಗೆ ಊಟಕ್ಕೆ ಅರ್ಧ ತಾಸು ಮುಂಚೆ ತಗೊಳ್ಳಬೇಕು, ಉಂಡ ಮೇಲೆ ತಗೊಂಡರೆ ಪೂರ್ತಿ ಕೆಲಸ ಮಾಡಲ್ಲ. ಬಿಸ್ಮತ್ ತಗೊಂಡರೆ ನಾಲಿಗೆ, ಸಂಡಾಸ ಕಪ್ಪಾಗುತ್ತದೆ, ಅದು ಔಷಧಿಯ ಬಣ್ಣ. ಮೆಟ್ರೊನಿಡಜೋಲ್ ಇದ್ದರೆ ಸೆರೆ, ಸಾರಾಯಿ ಮುಟ್ಟಬಾರದು. ಬೀಡಿ ಇದ್ದರೆ ಬಿಡಿಸಿ, ಹುಣ್ಣು ಮಾಯಲು ಬಿಡಲ್ಲ ಅದು.

ಜೇವರ್ಗಿ_ರೋಡ್
ಹಾಗಾದರೆ ನಮ್ಮ ಮಾವನಿಗೆ ಸ್ಟೆಂಟ್ ಹಾಕಿ ದಿನಾ ಆಸ್ಪಿರಿನ್ ಕೊಡುತ್ತಿದ್ದಾರೆ. ಇದನ್ನೆಲ್ಲ ಓದಿ ಹೆದರಿಕೆ ಆಯ್ತು. ನಾಳೆಯಿಂದ ನಿಲ್ಲಿಸಲಾ?

ಸಿಸ್ಟರ್_ಕಲಬುರಗಿ
ದಯವಿಟ್ಟು ನಿಲ್ಲಿಸಬೇಡಿ! ಸ್ಟೆಂಟ್ ಇದ್ದವರು ತಾವಾಗಿ ಆಸ್ಪಿರಿನ್ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಜೀವಕ್ಕೆ ಅಪಾಯ. ಹೃದಯದ ಡಾಕ್ಟರನ್ನು ಕೇಳಿ. ಹೊಟ್ಟೆ ಕಾಯಲು ಜೊತೆಗೆ ಒಂದು ಗುಳಿಗೆ ಕೊಡುತ್ತಾರೆ, ಈಗಾಗಲೇ ಕೊಟ್ಟಿರಲೂಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೊಗ್ರೆಲ್ ಕೂಡ ಇದ್ದರೆ ಅದನ್ನೂ ಹೇಳಿ, ಹುಳಿ ತಗ್ಗಿಸುವ ಗುಳಿಗೆಗಳಲ್ಲಿ ಒಮೆಪ್ರಜೋಲ್ ಅದರ ಜೊತೆ ಸರಿ ಹೊಂದಲ್ಲ.

ಶಹಾಬಾದ್_ಹುಡುಗ (ಮುಂದಿನ ಶನಿವಾರ)
ಅಪ್ಪ ಮನೆಗೆ ಬಂದು ಮೂರು ದಿನ ಆಯ್ತು. ಕೋರ್ಸ್ ಶುರುವಾಗಿದೆ. ಅವ್ವನಿಗೆ ಓದಲು ಬರಲ್ಲ. ಅದಕ್ಕೆ ಗೋಡೆ ಕ್ಯಾಲೆಂಡರಿನಲ್ಲಿ 14 ದಿನಕ್ಕೂ ಮುಂಜಾನೆ ಒಂದು ಸೂರ್ಯ, ರಾತ್ರಿ ಒಂದು ಚಂದ್ರ ಬರೆದಿದ್ದೇನೆ. ನುಂಗಿದ ಮೇಲೆ ಅವ್ವ ಅದರ ಮೇಲೆ ಕುಂಕುಮದ ಬೊಟ್ಟು ಇಡುತ್ತಾಳೆ. ಒಂದೂ ತಪ್ಪಿಲ್ಲ. ಕ್ರಿಮಿ ಪೂರ್ತಿ ಹೋಯ್ತಾ ಅಂತ ಗೊತ್ತಾಗೋದು ಹೇಗೆ?

ಸಿಸ್ಟರ್_ಕಲಬುರಗಿ
ಉಸಿರು ಊದಿಸಿ ನೋಡುವ ಪರೀಕ್ಷೆ ಇದೆ, ಇಲ್ಲಾ ಸಂಡಾಸದ ಪರೀಕ್ಷೆ. ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಿರಬೇಕು, ಹುಳಿ ತಗ್ಗಿಸುವ ಗುಳಿಗೆ ಎರಡು ವಾರ ನಿಲ್ಲಿಸಿರಬೇಕು. ಆದರೆ ಅಪ್ಪನ ಹುಣ್ಣು ರಕ್ತ ಬಂದ ಹುಣ್ಣು. ಆ ಗುಳಿಗೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು, ನೀವಾಗಿ ಬಿಡಬೇಡಿ. ರಕ್ತದ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ. ಕ್ರಿಮಿ ಸತ್ತ ಮೇಲೂ ಅದು ಬಹಳ ತಿಂಗಳು ಇದೆ ಅಂತಲೇ ತೋರಿಸುತ್ತದೆ.

ಶಹಾಬಾದ್_ಹುಡುಗ
ಬರೆದಿಟ್ಟುಕೊಂಡೆ. ಈಗ ಟೊಂಕ ನೋವಿನ ಪಾಡು. ರಾತ್ರಿ ಮಗ್ಗಲು ಬದಲಿಸುವಾಗ ನರಳುತ್ತಾರೆ. ಡಾಕ್ಟರು ಪ್ಯಾರಾಸಿಟಮಾಲ್ ಬರೆದಿದ್ದಾರೆ, ಬಿಸಿ ಶಾಖ, ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಅಪ್ಪ "ಆ ಗುಳಿಗಿಯಷ್ಟು ಹತ್ತಂಗಿಲ್ಲ" ಅನ್ನುತ್ತಾರೆ.

ಮೆಡಿಕಲ್_ಕಾಕಾ
ಅಷ್ಟು ಹತ್ತಲ್ಲ, ನಿಜ. ಆದರೆ ಹೇಳಿದ ಅಳತೆಯಲ್ಲಿ ತಗೊಂಡರೆ ಹೊಟ್ಟೆ ಕೆಡಿಸಲ್ಲ. ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ, ಈ ಹುಣ್ಣಿನ ಚೀಟಿ ಮೊದಲು ಅವರ ಕೈಗೆ ಕೊಡಿ.

ಶಹಾಬಾದ್_ಹುಡುಗ
ತೋರಿಸುತ್ತೇನೆ ಕಾಕಾ. ಇನ್ನೊಂದು ಹೇಳಬೇಕು. ನಿನ್ನೆ ಸಂಜೆ ಅಪ್ಪನ ಜೊತೆ ಖಣಿಯಲ್ಲಿ ಕೆಲಸ ಮಾಡಿದ ನಾಲ್ವರು ಮಾತಾಡಿಸಲು ಬಂದಿದ್ದರು. ಚಹಾ ಕುಡಿಯುತ್ತಾ ನಾನು ಗುಳಿಗೆಯ ವಿಷಯ ಹೇಳಿದೆ. ಒಬ್ಬ ಮಾಮಾ ಏನೂ ಮಾತಾಡದೆ ಅಂಗಿ ಜೇಬಿಗೆ ಕೈ ಹಾಕಿ ಪಟ್ಟಿ ತೆಗೆದು ಮುಂದೆ ಇಟ್ಟರು. ಅದೇ ಗುಳಿಗೆ. ಹತ್ತರಲ್ಲಿ ಮೂರು ಉಳಿದಿದ್ದವು. ಅವರನ್ನು ನೋಡಿ ಇನ್ನೊಬ್ಬರೂ ತೆಗೆದರು. ಮೊದಲನೆಯ ಮಾಮಾ ಮೆಟ್ಟಿಲು ಹತ್ತುವಾಗಲೇ ಏದುಸಿರು ಬಿಡುತ್ತಿದ್ದರು.

ಸಿಸ್ಟರ್_ಕಲಬುರಗಿ
ಕೆಳ ರೆಪ್ಪೆ ಎಳೆದು ನೋಡಿದಿರಾ? ಒಳಗೆ ಬಿಳಿಚಿದೆಯಾ?

ಶಹಾಬಾದ್_ಹುಡುಗ
ನೋಡಿದೆ ಸಿಸ್ಟರ್. ಕಾಗದದ ಹಾಗಿತ್ತು. ಬಣ್ಣದ್ದೂ ಕೇಳಿದೆ, ಕಪ್ಪಿಲ್ಲ ಅಂದರು.

ಸಿಸ್ಟರ್_ಕಲಬುರಗಿ
ದಿನಾ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ಬಣ್ಣದಲ್ಲಿ ಕಾಣಲ್ಲ. ಇಬ್ಬರದೂ ಹಿಮೋಗ್ಲೋಬಿನ್ ಮಾಡಿಸಿ. ಸೋಮವಾರ ನನ್ನ ಡ್ಯೂಟಿ ಮುಂಜಾನೆ ಎಂಟರಿಂದ ಇದೆ. ಅಷ್ಟರಲ್ಲಿ ಕಪ್ಪಗೆ ಹೋದರೆ, ತಲೆ ಸುತ್ತಿದರೆ ಸೋಮವಾರದ ತನಕ ಕಾಯಬೇಡಿ.

ಶಹಾಬಾದ್_ಹುಡುಗ
ಇಬ್ಬರನ್ನೂ ಕರೆತರುತ್ತೇನೆ. ಪಟ್ಟಿಗಳು ನನ್ನ ಹತ್ತಿರವೇ ಇವೆ.